ಹೊಳೆಯ ಹತ್ತುಮೀನು, ಹೊಂಡದ ಸಾಕುಮೀನು

ಸಕಲೇಶಪುರ, ಆಲೂರು ಸೀಮೆಯ ಹಿರಿಯರನ್ನು ಹತ್ತುಮೀನಿನ ವಿಷಯ ಕೇಳಿ ನೋಡಿ. ಅವರ ಮುಖ ಅರಳುತ್ತದೆ. ಮೃಗಶಿರ ಮಳೆ ಹಿಡಿದು ಹಳ್ಳಗಳಲ್ಲಿ ಕೆಂಪು ನೀರು ಹರಿಯತೊಡಗಿದರೆ, ಹೊಳೆಯ ಮೀನು ಮೊಟ್ಟೆಯಿಡಲು ನೀರಿಗೆ ಎದುರಾಗಿ ಹತ್ತಿ ಗದ್ದೆಯವರೆಗೂ ಬರುತ್ತಿತ್ತು. ಜನ ಬಿದಿರಿನ ಕೂಣಿ ಒಡ್ಡಿ ತಮ್ಮ ಪಾಲು ಹಿಡಿಯುತ್ತಿದ್ದರು. ತಪ್ಪಿಸಿಕೊಂಡವು ಭತ್ತದ ಬುಡದಲ್ಲಿ ಮರಿ ಮಾಡುತ್ತಿದ್ದವು. ಮಳೆಗಾಲ ಇಳಿದಾಗ ಮರಿಗಳು ಪುನಃ ಹೊಳೆ ಸೇರುತ್ತಿದ್ದವು.

ಇದಕ್ಕೆ ಖರ್ಚೆಷ್ಟು ಅಂತೀರಾ? ಕಾಸಿಲ್ಲ. ಬೇಕಾದದ್ದು ಎರಡೇ: ದಾರಿ ತೆರೆದಿರಬೇಕು, ನೀರು ಶುದ್ಧವಾಗಿರಬೇಕು. ಈ ಎರಡೂ ಹೇಗೆ ಕೆಟ್ಟವು ಎಂಬುದೇ ಇಂದಿನ ಕಥೆ.

ಹೇಮಾವತಿಗೆ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟೆ 1979ರಲ್ಲಿ ಮುಗಿಯಿತು. ಬಯಲು ಸೀಮೆಯ ಹೊಲಗಳಿಗೆ ನೀರು ಸಿಕ್ಕಿತು, ನಿಜ. ಆದರೆ ಕಾವೇರಿಯಿಂದ ಮೇಲಕ್ಕೆ ಹತ್ತುವ ಮೀನಿಗೆ ಅದು ದಾಟಲಾರದ ಗೋಡೆಯಾಯಿತು. ಇತ್ತ ತೋಟಗಳಲ್ಲಿ ಔಷಧಿ ಸಿಂಪಡಣೆ ಹೆಚ್ಚಿತು. ಕಾಫಿ ಹಣ್ಣು ಪಲ್ಪ್ ಮಾಡಿದ ನೀರನ್ನು ಹಳ್ಳಕ್ಕೆ ಬಿಟ್ಟರೆ, ಅದರ ಸಿಹಿ ಅಂಶ ಕೊಳೆಯುವಾಗ ನೀರಿನ ಪ್ರಾಣವಾಯುವನ್ನೆಲ್ಲ ಹೀರಿಬಿಡುತ್ತದೆ. ಬೇಸಿಗೆಗೆ ಬತ್ತುವ ಹಳ್ಳದಲ್ಲಿ ಮೀನು ಉಳಿಯುವುದುಂಟೆ?

ಈ ನಡುವೆ ಸಾಕುಮೀನು ಬಂತು. 1957ರಲ್ಲಿ ಒಡಿಶಾದಲ್ಲಿ ಡಾ. ಹೀರಾಲಾಲ್ ಚೌಧುರಿಯವರು ಚುಚ್ಚುಮದ್ದು ಕೊಟ್ಟು ಗೆಂಡೆ ಜಾತಿಯ ಮೀನಿನಿಂದ ಮೊಟ್ಟೆಯಿಡಿಸಿದರು. ಅಲ್ಲಿಯವರೆಗೆ ಮರಿಗಾಗಿ ನದಿಯನ್ನೇ ಜಾಲಾಡಬೇಕಿತ್ತು. ಆ ಮೇಲೆ ಗಂಗಾ ಬಯಲಿನ ಕಾಟ್ಲಾ, ರೋಹು, ಮೃಗಾಲ್ ನಮ್ಮ ಕೆರೆಗಳಿಗೂ ಇಳಿದವು. ಬಡವನ ಊಟಕ್ಕೆ ಮೀನು ಸಿಕ್ಕಿತು. ಇದು ಸಣ್ಣ ಉಪಕಾರವಲ್ಲ.

ಆದರೆ ಮರಿ ಬಿಡುವ ಕೈಗೆ ವಿವೇಕವೂ ಬೇಕು. ನಮ್ಮ ಕಾವೇರಿ ಸೀಮೆಯದೇ ಆದ ಗೂನುಬೆನ್ನಿನ ಬಿಳಿಮೀನನ್ನು, ಅಂದರೆ ಮಹಶೀರ್ ಮೀನನ್ನು, ನೋಡಿ. ಮಹಶೀರ್ ಸಂತತಿ ಕುಗ್ಗುತ್ತಿದೆಯೆಂದು, ಒಳ್ಳೆಯ ಉದ್ದೇಶದಿಂದಲೇ, ಲೋಣಾವಳದಲ್ಲಿ ಮರಿ ಮಾಡಿದ ನೀಲಿ ರೆಕ್ಕೆಯ ಮಹಶೀರನ್ನು ತಂದು ಕಾವೇರಿಗೆ ಬಿಟ್ಟರು. ಹೊಸದು ಹಬ್ಬಿತು, ಹಳೆಯದು ಸರಿಯಿತು. ಆ ಗೂನುಬೆನ್ನಿನ ಮೀನಿಗೆ ಸರಿಯಾದ ಶಾಸ್ತ್ರೀಯ ಹೆಸರು ಗೊತ್ತಾದದ್ದೇ 2018ರಲ್ಲಿ. ಅದೇ ವರ್ಷ ಅದು ತೀವ್ರ ಅಳಿವಿನಂಚಿನ ಪಟ್ಟಿಗೂ ಸೇರಿತು! ಆಫ್ರಿಕಾದ ಕ್ಯಾಟ್‌ಫಿಶ್ ಇನ್ನೂ ಹೊಟ್ಟೆಬಾಕ. ಸಿಕ್ಕ ಮೀನನ್ನೆಲ್ಲ ನುಂಗುತ್ತದೆ. ಕೇಂದ್ರ ಸರ್ಕಾರ 2000ದಲ್ಲೇ ಅದರ ಸಾಕಣೆಯನ್ನು ನಿಷೇಧಿಸಿದೆ.

ಕರಾವಳಿಯ ಸೀಗಡಿಯೂ ಇದೇ ಪಾಠ ಹೇಳಿತು. ದಟ್ಟವಾಗಿ ಮರಿ ತುಂಬಿದ ಹೊಂಡಗಳಿಗೆ 1990ರ ದಶಕದಲ್ಲಿ ಬಿಳಿಚುಕ್ಕೆ ರೋಗ ಬಡಿಯಿತು. ಉಪ್ಪುನೀರು ಸುತ್ತಲ ಹೊಲ, ಬಾವಿಗಳನ್ನೂ ಕೆಡಿಸಿತು. ಕೊನೆಗೆ 1996ರಲ್ಲಿ ಸುಪ್ರೀಂ ಕೋರ್ಟೇ ಕಡಿವಾಣ ಹಾಕಬೇಕಾಯಿತು.

ಹಾಗಾದರೆ ಮೀನು ಸಾಕಬಾರದೆ? ಖಂಡಿತ ಸಾಕಿ. ಆದರೆ ಹೊಂಡ ಹೊಂಡವಾಗಿರಲಿ, ಹೊಳೆ ಹೊಳೆಯಾಗಿರಲಿ. ಹರಿಯುವ ಹಳ್ಳಕ್ಕೆ ಅಡ್ಡ ಒಡ್ಡು ಹಾಕಿ ಹೊಂಡ ಮಾಡಬೇಡಿ; ಪಕ್ಕದಲ್ಲಿ ತೋಡಿಸಿ. ಕೋಡಿಗೂ ತೂಬಿಗೂ ಸಣ್ಣ ಕಣ್ಣಿನ ಬಲೆ ಕಟ್ಟಿ. ನಮ್ಮ ಮಳೆಗೆ ಹೊಂಡ ಉಕ್ಕಿದರೂ ಸಾಕುಮೀನು ಹೊಳೆಗೆ ಹೋಗಬಾರದು. ನಮ್ಮ ಮಣ್ಣು ಹುಳಿ. ಮರಿ ಬಿಡುವ ಮೊದಲು ಸುಣ್ಣ ಹಾಕಿ. ಗುಂಟೆ ನೀರಿಗೆ 50 ಮರಿ, ಎಕರೆಗೆ 2,000 ಸಾಕು. ಮೇಲ್ನೀರಿಗೆ ಕಾಟ್ಲಾ, ನಡುನೀರಿಗೆ ರೋಹು, ತಳಕ್ಕೆ ಮೃಗಾಲ್ ಇದ್ದರೆ ಒಂದರ ಮೇವಿಗೆ ಇನ್ನೊಂದು ಬಾಯಿ ಹಾಕುವುದಿಲ್ಲ. ಮೋಡ ಕವಿದ ದಿನ ಸಗಣಿ ಗೊಬ್ಬರ ನಿಲ್ಲಿಸಿ. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಉಸಿರಿಗೆ ಕಷ್ಟವಾಗಿದೆ ಎಂದೇ ತಿಳಿಯಿರಿ. ಕೂಡಲೇ ಹೊಸ ನೀರು ಹಾಯಿಸಿ. ಪಲ್ಪಿಂಗ್ ನೀರಿಗೆ ಬೇರೆಯೇ ಗುಂಡಿ ಇರಲಿ.

ಮುಂದಿನ ಮೃಗಶಿರದಲ್ಲಿ ನಿಮ್ಮ ಗದ್ದೆಯ ಅಂಚಿಗೆ ಹೋಗಿ ನಿಂತು ನೋಡಿ. ನಾಲ್ಕು ಮೀನು ಹತ್ತಿ ಬಂದರೆ ನಿಮ್ಮ ಹಳ್ಳ ಇನ್ನೂ ಬದುಕಿದೆ. ಕೂಣಿಯಲ್ಲಿ ಮೊಟ್ಟೆ ತುಂಬಿದ ಮೀನು ಬಿದ್ದರೆ ತಿರುಗಿ ನೀರಿಗೆ ಬಿಡಿ. ಅದು ನಿಮ್ಮ ಮೊಮ್ಮಕ್ಕಳ ಪಾಲು.