ಏಟು ತಿಂದ ಕೈ ಏಟು ಕೊಡುವಾಗ

ಹದಿಹರೆಯದ ಹುಡುಗನೊಬ್ಬ ಗಾಜು ಒಡೆದರೆ, ಜೊತೆಯವನನ್ನು ಹೊಡೆದು ಕೆಡವಿದರೆ, ಇವನಿಗೆ ಯಾವ ಶಿಕ್ಷೆ ಕೊಡಬೇಕೆಂದು ನಾವು ಕೇಳುತ್ತೇವೆ. ಇವನಿಗೆ ಹಿಂದೆ ಏನಾಗಿತ್ತು ಎಂದು ಕೇಳುವವರು ವಿರಳ. ಆ ವಿರಳರಲ್ಲಿ ವಿಯೆನ್ನಾದ ಶಾಲಾ ಮೇಷ್ಟ್ರು ಆಗಸ್ಟ್ ಐಕ್‌ಹಾರ್ನ್ (1878-1949) ಒಬ್ಬರು.

1918ರಲ್ಲಿ ಮೊದಲ ಮಹಾಯುದ್ಧ ಮುಗಿದಾಗ ಆಸ್ಟ್ರಿಯಾ ಸೋತು ಹಸಿದಿತ್ತು. ಯುದ್ಧಕ್ಕೆ ಹೋದ ಅಪ್ಪಂದಿರಲ್ಲಿ ಅನೇಕರು ಮರಳಲಿಲ್ಲ. ದಿಕ್ಕು ತಪ್ಪಿದ ಮಕ್ಕಳಿಗಾಗಿ ಓಬರ್‌ಹೊಲ್ಲಾಬ್ರುನ್ ಎಂಬಲ್ಲಿ, ನಿರಾಶ್ರಿತರ ಶಿಬಿರವೊಂದರ ಹಳೆಯ ಬ್ಯಾರಕ್‌ಗಳಲ್ಲಿ ಐಕ್‌ಹಾರ್ನ್ ಒಂದು ವಸತಿಗೃಹ ನಡೆಸಿದರು. ಆ ಕಾಲದ ಸುಧಾರಣಾ ಶಾಲೆಗಳ ಕವಾಯತನ್ನೂ ಬೆತ್ತವನ್ನೂ ಅವರು ಒಲ್ಲೆನೆಂದರು.

ಯಾವ ಗುಂಪಿಗೂ ಒಗ್ಗದ ಹನ್ನೆರಡು ಹುಡುಗರು ಅಲ್ಲಿದ್ದರು. ಊಟಕ್ಕೆ ಕುಳಿತರೆ ತಟ್ಟೆ ಹಾರುತ್ತಿತ್ತು, ಜಗಳಕ್ಕೆ ಚಾಕು ಬರುತ್ತಿತ್ತು. ಅವರ ಹಿನ್ನೆಲೆ ಕೆದಕಿದಾಗ ಎಲ್ಲರದೂ ಒಂದೇ ಕಥೆ: ಕಲಹದ ಮನೆ, ಪ್ರೀತಿಯ ಬರ, ನಿರ್ದಯ ಹೊಡೆತ. ಐಕ್‌ಹಾರ್ನ್ ಸಿಬ್ಬಂದಿಗೆ ಹೇಳಿದ್ದಿಷ್ಟೇ: ಅಪಾಯವಾಗದಂತೆ ನೋಡಿಕೊಳ್ಳಿ, ಉಳಿದಂತೆ ಅಡ್ಡಬರಬೇಡಿ, ಸ್ನೇಹ ಬಿಡಬೇಡಿ.

ಮೊದಮೊದಲು ಪುಂಡಾಟ ಹೆಚ್ಚಿತು. ಕಿಟಕಿ ಬಾಗಿಲುಗಳು ಮುರಿದವು. ಒಂದು ದಿನ ಐಕ್‌ಹಾರ್ನ್ ಎದುರಿಗೇ ಹುಡುಗನೊಬ್ಬ ಇನ್ನೊಬ್ಬನ ಕುತ್ತಿಗೆಗೆ ಚಾಕು ಹಿಡಿದ. ಅದು ತನ್ನನ್ನು ಪರೀಕ್ಷಿಸುವ ನಾಟಕವೆಂದು ಅರಿತ ಅವರು ಕದಲದೆ ನಿಂತರು. ಹುಡುಗ ಚಾಕುವನ್ನು ನೆಲಕ್ಕೆ ಎಸೆದ, ಕಾಲು ಅಪ್ಪಳಿಸಿ ಅರಚಿದ, ಕೊನೆಗೆ ಎಳೆಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತು ದಣಿದು ನಿದ್ದೆಹೋದ. ಉಳಿದವರಲ್ಲೂ ಅಬ್ಬರ ಕರಗಿ ಅಳು ಹೊರಟಿತು. ಐಕ್‌ಹಾರ್ನ್ ಕೊಟ್ಟ ವಿವರಣೆ ಸರಳ: ಏಟು ಬಂದೇ ಬರುತ್ತದೆಂದು ಇವರು ಕಾಯುತ್ತಾರೆ, ಬಂದರೆ ಇವರ ದ್ವೇಷಕ್ಕೆ ಸಮರ್ಥನೆ ಸಿಗುತ್ತದೆ, ಬಾರದಿದ್ದಾಗ ದ್ವೇಷಕ್ಕೆ ನೆಲೆ ತಪ್ಪುತ್ತದೆ. 1925ರಲ್ಲಿ ಅವರು ಈ ಅನುಭವಗಳನ್ನು ಪುಸ್ತಕವಾಗಿಸಿದಾಗ ಮುನ್ನುಡಿ ಬರೆದವರು ಸಿಗ್ಮಂಡ್ ಫ್ರಾಯ್ಡ್.

1944ರಲ್ಲಿ ಲಂಡನ್ನಿನ ವೈದ್ಯ ಜಾನ್ ಬೌಲ್ಬಿ ಕಳ್ಳತನಕ್ಕಿಳಿದ 44 ಮಕ್ಕಳ ಅಧ್ಯಯನ ಪ್ರಕಟಿಸಿದರು. ಯಾರ ಮೇಲೂ ಮಮತೆಯಿಲ್ಲದವರೆಂದು ಅವರು ಗುರುತಿಸಿದ 14 ಮಂದಿಯಲ್ಲಿ 12 ಮಂದಿ ಎಳವೆಯಲ್ಲಿ ದೀರ್ಘಕಾಲ ತಾಯಿಯಿಂದ ಅಗಲಿದ್ದವರು. ನೊಂದ ಮಕ್ಕಳೆಲ್ಲ ಕೈ ಎತ್ತುವುದಿಲ್ಲ, ಬಹಳಷ್ಟು ಮಕ್ಕಳು ನೋವನ್ನು ಒಳಗೇ ನುಂಗುತ್ತಾರೆ. ಆದರೆ ಕೈ ಎತ್ತಿದವನ ಹಿಂದೆ ಗಾಯವೊಂದಿದೆಯೇ ಎಂದು ನೋಡದೆ ತೀರ್ಪು ಕೊಡುವುದು ಅನ್ಯಾಯ.

ನಮ್ಮ ದೇಶದ 2015ರ ಬಾಲನ್ಯಾಯ ಕಾಯ್ದೆ, ಘೋರ ಅಪರಾಧದ ಆರೋಪವಿರುವ 16ರಿಂದ 18ರ ಹರೆಯದವರನ್ನು ವಯಸ್ಕರಂತೆ ವಿಚಾರಣೆಗೆ ಒಳಪಡಿಸಲು ಅವಕಾಶ ಕೊಟ್ಟಿದೆ. ಅದಕ್ಕೂ ಮುನ್ನ ಹುಡುಗನ ಮನಃಸ್ಥಿತಿಯನ್ನೂ ಕೃತ್ಯದ ಸಂದರ್ಭವನ್ನೂ ಬಾಲನ್ಯಾಯ ಮಂಡಳಿ ಪರಿಶೀಲಿಸಬೇಕೆಂದೂ ಹೇಳಿದೆ. ಆ ಪರಿಶೀಲನೆ ಬರೀ ಕಾಗದದ ಶಾಸ್ತ್ರವಾದರೆ ಹುಡುಗನ ಬದುಕೇ ಮುಗಿದಂತೆ.

ಕಾನೂನಿಗಿಂತ ಮೊದಲು ಮನೆಯಿದೆ. ನಮ್ಮಲ್ಲಿ ‘ತರ್ಬಿಯತ್’ ಎಂದರೆ ಬೆತ್ತವೆಂದೇ ತಿಳಿದ ಹಿರಿಯರಿದ್ದಾರೆ. ಪ್ರವಾದಿಯವರ (ಸ) ಸೇವೆಗೆ ಬಾಲಕನಾಗಿ ಸೇರಿದ ಅನಸ್ (ರ) ಹತ್ತು ವರ್ಷ ಅವರ ಜೊತೆಗಿದ್ದರು. ಆ ಹತ್ತು ವರ್ಷಗಳಲ್ಲಿ ಅವರಿಂದ ಒಂದು ‘ಉಫ್’ ಕೂಡ ಕೇಳಲಿಲ್ಲವೆಂದು ನೆನೆದಿದ್ದಾರೆ. ಮಗನ ಮೇಲೆ ಕೈ ಎತ್ತುವ ಮುನ್ನ ಪ್ರತಿಯೊಬ್ಬ ತಂದೆಯೂ ಆ ಹತ್ತು ವರ್ಷಗಳನ್ನು ನೆನೆಯಲಿ.