ಸಾಕು ನಾಯಿ ಮತ್ತು ಬೆಕ್ಕುಗಳ ಮೂತ್ರದ ವಾಸನೆ ಹಾಗೂ ಕಲೆಗಳ ನಿವಾರಣೆ: ಸಾರ್ವಜನಿಕರಿಗೆ ಮಾಹಿತಿ

ಸಾಕುಪ್ರಾಣಿಯು ಮನೆಯೊಳಗೆ ಮೂತ್ರ ವಿಸರ್ಜಿಸಿದಲ್ಲಿ ಕೂಡಲೇ ಫಿನೈಲ್ ಸುರಿದು ಒರೆಸುವುದು ಸಾಮಾನ್ಯವಾಗಿ ರೂಢಿಯಲ್ಲಿರುವ ಕ್ರಮವಾಗಿದೆ. ಇದರಿಂದ ವಾಸನೆಯು ಮರೆಯಾಗುವುದೇ ಹೊರತು ನಿವಾರಣೆಯಾಗುವುದಿಲ್ಲ. ಮೂತ್ರದಲ್ಲಿನ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ವಿಭಜಿಸಿದಾಗ ಅಮೋನಿಯಾ ಉತ್ಪತ್ತಿಯಾಗುತ್ತದೆ. ಬೆಕ್ಕಿನ ಮೂತ್ರದಲ್ಲಿ ಫೆಲಿನೈನ್ ಎಂಬ ವಸ್ತುವೂ ಇದ್ದು, ಅದು ಗಂಧಕಯುಕ್ತ ಸಂಯುಕ್ತಗಳಾಗಿ ಮಾರ್ಪಡುವುದರಿಂದ ವಾಸನೆಯು ಇನ್ನಷ್ಟು ತೀಕ್ಷ್ಣವಾಗಿರುತ್ತದೆ. ಯೂರಿಕ್ ಆಮ್ಲವು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಆದುದರಿಂದ ಬೇಸಿಗೆಯಲ್ಲಿ ಹೋಯಿತೆಂದು ತೋರಿದ ವಾಸನೆಯು ಮಳೆಗಾಲದ ತೇವಕ್ಕೆ ಪುನಃ ಕಾಣಿಸಿಕೊಳ್ಳುತ್ತದೆ. ಮನುಷ್ಯರಿಗೆ ತಿಳಿಯದ ಅಲ್ಪ ವಾಸನೆಯನ್ನೂ ಗುರುತಿಸಿ ಪ್ರಾಣಿಯು ಅದೇ ಸ್ಥಳಕ್ಕೆ ಮರಳುತ್ತದೆ.

ಬೆಕ್ಕು ಇರುವ ಮನೆಗಳಲ್ಲಿ ಫಿನೈಲ್ ಬಳಕೆಯು ಅಪಾಯಕಾರಿಯೂ ಹೌದು. ಫೀನಾಲ್ ಜಾತಿಯ ವಸ್ತುಗಳನ್ನು ಬೆಕ್ಕಿನ ಯಕೃತ್ತು ಸಮರ್ಪಕವಾಗಿ ವಿಸರ್ಜಿಸಲಾರದು. ಒರೆಸಿದ ನೆಲದ ಮೇಲೆ ನಡೆದು ಪಾದ ನೆಕ್ಕಿಕೊಂಡರೂ ವಿಷಬಾಧೆ ಉಂಟಾಗಬಹುದು. ಬ್ಲೀಚಿಂಗ್ ಪುಡಿಯನ್ನು ಮೂತ್ರದ ಮೇಲೆ ನೇರವಾಗಿ ಹಾಕಬಾರದು. ಅದು ಅಮೋನಿಯಾದೊಡನೆ ಸೇರಿ ಶ್ವಾಸಕೋಶಕ್ಕೆ ಹಾನಿಕರವಾದ ಕ್ಲೋರಮೈನ್ ಅನಿಲವನ್ನು ಉಂಟುಮಾಡುತ್ತದೆ.

ಮೂತ್ರವು ಹಸಿಯಾಗಿರುವಾಗಲೇ ಕೈಗವಸು ಧರಿಸಿ, ಹಳೆಯ ಹತ್ತಿಬಟ್ಟೆ ಅಥವಾ ಕಾಗದವನ್ನು ಒತ್ತಿ ಹೀರಿಸತಕ್ಕದ್ದು. ಉಜ್ಜಿದಲ್ಲಿ ಕಲೆ ಹರಡುತ್ತದೆ. ನಂತರ ತಣ್ಣೀರಿನಿಂದ ತೊಳೆದು ಪುನಃ ಹೀರಿಸಬೇಕು. ಜಮಖಾನ, ಸೋಫಾ ಮುಂತಾದವು ಒಣಗಿದ ಬಳಿಕ ಅಡುಗೆ ಸೋಡಾ ಉದುರಿಸಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಗುಡಿಸಿ ತೆಗೆಯಬಹುದು.

ಹಳೆಯ ಕಲೆಗಳಿಗೆ ಕಿಣ್ವಯುಕ್ತ (ಎಂಜೈಮ್) ದ್ರಾವಣವೇ ಹೆಚ್ಚು ಫಲಕಾರಿ. ಇದು ಸಾಕುಪ್ರಾಣಿ ಸಾಮಗ್ರಿಗಳ ಅಂಗಡಿಗಳಲ್ಲಿ ದೊರೆಯುತ್ತದೆ. ಮೂತ್ರವು ಇಳಿದಷ್ಟೇ ಆಳಕ್ಕೆ ದ್ರಾವಣವೂ ಇಳಿಯಬೇಕು, ಮತ್ತು ಚೀಟಿಯಲ್ಲಿ ಸೂಚಿಸಿದ ಅವಧಿಯವರೆಗೆ ಸ್ಥಳವು ಒದ್ದೆಯಾಗಿರಬೇಕು. ಸಿಂಪಡಿಸಿದ ಕೂಡಲೇ ಒರೆಸಿದಲ್ಲಿ ಹಣ ವ್ಯರ್ಥ. ಕಲೆ ಎಲ್ಲಿದೆಯೆಂದು ತಿಳಿಯದಿದ್ದಲ್ಲಿ ಕೋಣೆಯನ್ನು ಕತ್ತಲು ಮಾಡಿ ನೇರಳಾತೀತ ಟಾರ್ಚ್‌ನಿಂದ ನೋಡಬಹುದು.

ವಿನೆಗರ್ ಮತ್ತು ನೀರನ್ನು ಸಮಪ್ರಮಾಣದಲ್ಲಿ ಬೆರೆಸಿ ಬಳಸುವವರು ನೆಲದ ವಿಧವನ್ನು ಮೊದಲು ಗಮನಿಸತಕ್ಕದ್ದು. ಸೆರಾಮಿಕ್ ಟೈಲ್ಸ್‌ಗೆ ಇದರಿಂದ ಹಾನಿಯಿಲ್ಲ. ಅಮೃತಶಿಲೆ, ಕಡಪ ಕಲ್ಲು, ಮೊಸಾಯಿಕ್ ಹಾಗೂ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲಗಳಲ್ಲಿ ಸುಣ್ಣದ ಅಂಶವಿರುವುದರಿಂದ ಆಮ್ಲವು ಹೊಳಪನ್ನು ಕೊರೆಯುತ್ತದೆ. ಈ ಹಾನಿಯನ್ನು ಒರೆಸಿ ಸರಿಪಡಿಸಲು ಸಾಧ್ಯವಿಲ್ಲ. ಬಾಡಿಗೆ ಮನೆಯಲ್ಲಿ ವಾಸಿಸುವವರು ಮುಂಗಡ ಹಣದ ದೃಷ್ಟಿಯಿಂದಲೂ ಇದನ್ನು ಗಮನದಲ್ಲಿಡುವುದು ಒಳಿತು. ಹತ್ತಿ ಹಾಸಿಗೆಯ ಒಳಭಾಗಕ್ಕೆ ಮೂತ್ರ ಇಳಿದಿದ್ದಲ್ಲಿ ಹೊಲಿಗೆ ಬಿಚ್ಚಿ, ನೆನೆದ ಹತ್ತಿಯನ್ನು ತೆಗೆದು, ಉಳಿದುದನ್ನು ಬಿಸಿಲಿಗೆ ಹಾಕಿ ಹೊಸ ಹತ್ತಿ ತುಂಬಿಸುವುದೇ ಸರಿಯಾದ ಕ್ರಮ.

ವಾಸನೆಯ ಕಾರಣಕ್ಕೆ ಪ್ರಾಣಿಯನ್ನು ಬೀದಿಗೆ ಬಿಡುವ ಪ್ರಕರಣಗಳೂ ಉಂಟು. ಸಕಾರಣವಿಲ್ಲದೆ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಈಡಾಗುವಂತೆ ತ್ಯಜಿಸುವುದು ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮ, 1960ರ ಕಲಂ 11ರ ಅನ್ವಯ ಅಪರಾಧವಾಗಿರುತ್ತದೆ.

ಅದುವರೆಗೆ ಶಿಸ್ತಿನಿಂದಿದ್ದ ಪ್ರಾಣಿಯು ಏಕಾಏಕಿ ಮನೆಯೊಳಗೆ ಮೂತ್ರ ವಿಸರ್ಜಿಸತೊಡಗಿದಲ್ಲಿ ಅದನ್ನು ಹೊಡೆಯಬಾರದು. ಮೂತ್ರನಾಳದ ಸೋಂಕು, ಮೂತ್ರಪಿಂಡದ ಕಾಯಿಲೆ ಅಥವಾ ಮಧುಮೇಹ ಇದಕ್ಕೆ ಕಾರಣವಿರಬಹುದಾದ್ದರಿಂದ ಹತ್ತಿರದ ಪಶು ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸತಕ್ಕದ್ದು. ಸಾಧ್ಯವಾದಲ್ಲಿ ಅದೇ ದಿನದ ಮೂತ್ರವನ್ನು ಶುಭ್ರವಾದ ಒಣ ಬಾಟಲಿಯಲ್ಲಿ ಕೊಂಡೊಯ್ಯಬೇಕು. ಫಿನೈಲ್ ಅಥವಾ ಸಾಬೂನಿನ ಅಂಶ ಉಳಿದ ಬಾಟಲಿಯನ್ನು ಬಳಸಬಾರದು. ಗಂಡು ಬೆಕ್ಕು ಪದೇ ಪದೇ ತಿಣುಕಿದರೂ ಮೂತ್ರ ಬಾರದಿದ್ದಲ್ಲಿ ಅದು ಮೂತ್ರನಾಳ ಕಟ್ಟಿಕೊಂಡಿರುವ ಲಕ್ಷಣ. ಇದು ಒಂದೆರಡು ದಿನಗಳಲ್ಲಿ ಪ್ರಾಣಾಪಾಯಕ್ಕೆ ಎಡೆಮಾಡುವುದರಿಂದ ಮರುದಿನದವರೆಗೆ ಕಾಯದೆ ಕೂಡಲೇ ಪಶುವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು.