ಗೂಡಲೂರಿನ ಮನೆಗೆ ಹಲವು ಕೋಣೆಗಳ ಎ.ಸಿ.: ಆಯ್ಕೆಗೆ ಮುನ್ನ ತಿಳಿಯಬೇಕಾದ ಸಂಗತಿಗಳು

ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿರುವ ಉದಕಮಂಡಲದ ಮನೆಗಳಿಗೆ ಹವಾನಿಯಂತ್ರಕ ಬೇಕಾಗುವುದಿಲ್ಲ. ಘಟ್ಟವಿಳಿದು ಸುಮಾರು 1,000 ಮೀಟರ್ ಎತ್ತರದ ಗೂಡಲೂರಿಗೆ ಬಂದರೆ ಸ್ಥಿತಿ ಬೇರೆ. ಮಾರ್ಚ್‌ನಿಂದ ಮೇ ತಿಂಗಳವರೆಗೆ ಇಲ್ಲಿ ಸೆಕೆ. ಜೂನ್ ಬಂತೆಂದರೆ ನೈಋತ್ಯ ಮುಂಗಾರಿನ ತೇವ. ತಮಿಳುನಾಡಿನಲ್ಲಿ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳಲ್ಲೊಂದಾದ ದೇವಾಲ ನಮ್ಮ ನೆರೆಯಲ್ಲೇ ಇದೆ. ಮಳೆನೆರಳಿನ ಮಸಿನಗುಡಿಯಲ್ಲಾದರೋ ಒಣ ಸೆಕೆಯೇ ಹೆಚ್ಚು. ಆದುದರಿಂದ ಬಯಲುಸೀಮೆಯ ಲೆಕ್ಕಾಚಾರವನ್ನು ನಾವು ಹಾಗೆಯೇ ಒಪ್ಪಿಕೊಳ್ಳಲಾಗದು.

ಮೂರು ವಿಧಾನಗಳು

ಮೊದಲನೆಯದು, ಕೋಣೆಗೊಂದರಂತೆ ಪ್ರತ್ಯೇಕ ಸ್ಪ್ಲಿಟ್ ಎ.ಸಿ. ಎರಡನೆಯದು ಮಲ್ಟಿ ಸ್ಪ್ಲಿಟ್: ಮನೆಯ ಹೊರಗೆ ಒಂದೇ ಕಂಪ್ರೆಸರ್ ಘಟಕ, ಒಳಗೆ ಎರಡರಿಂದ ಐದು ಕೋಣೆಗಳಿಗೆ ಒಂದೊಂದು ಘಟಕ. ಮೂರನೆಯದು ವಿ.ಆರ್.ಎಫ್. ಎಂಬ ದೊಡ್ಡ ವ್ಯವಸ್ಥೆ. ಇದು ವಸತಿಗೃಹ, ಕಚೇರಿ ಅಥವಾ ಬಹಳ ದೊಡ್ಡ ಮನೆಗಳಿಗೆ ತಕ್ಕುದು.

ಮಲ್ಟಿ ಸ್ಪ್ಲಿಟ್‌ನಿಂದ ಹೊರಗೋಡೆಯಲ್ಲಿ ಜಾಗ ಉಳಿಯುತ್ತದೆ, ಮನೆಯ ಅಂದ ಕೆಡುವುದಿಲ್ಲ. ಆದರೆ ಹೊರಗಿನ ಘಟಕ ಕೆಟ್ಟರೆ ಎಲ್ಲ ಕೋಣೆಗಳೂ ಒಟ್ಟಿಗೆ ನಿಲ್ಲುತ್ತವೆ. ಸಾಮಾನ್ಯ ಮಾದರಿಗಳಲ್ಲಿ ಒಂದು ಕೋಣೆಗೆ ತಂಪು, ಇನ್ನೊಂದಕ್ಕೆ ಬಿಸಿ ಏಕಕಾಲಕ್ಕೆ ದೊರೆಯದು. ಒಂದೇ ಕೋಣೆ ಬಳಸುವಾಗ ದೊಡ್ಡ ಕಂಪ್ರೆಸರ್ ಆಗಾಗ ನಿಂತು ಮತ್ತೆ ಚಾಲನೆಗೊಳ್ಳುವ ಸಂಭವವೂ ಉಂಟು.

ತೇವವೇ ಮುಖ್ಯ

ಒಂದು ಟನ್ ಎಂದರೆ ಸುಮಾರು 3.5 ಕಿಲೋವಾಟ್ ತಂಪಿನ ಸಾಮರ್ಥ್ಯ. 'ದೊಡ್ಡದೇ ಇರಲಿ' ಎಂಬ ಸಲಹೆ ಇಲ್ಲಿ ಅಪಾಯಕಾರಿ. ಅಗತ್ಯಕ್ಕಿಂತ ದೊಡ್ಡ ಯಂತ್ರ ಬೇಗನೆ ತಂಪು ಮಾಡಿ ನಿಲ್ಲುತ್ತದೆ. ಗಾಳಿಯಲ್ಲಿನ ತೇವ ಹಾಗೆಯೇ ಉಳಿಯುತ್ತದೆ. ಕೋಣೆ ತಣ್ಣಗಿದ್ದರೂ ಹಾಸಿಗೆ ಒದ್ದೆಯೆನಿಸುವುದು, ಗೋಡೆಗೆ ಬೂಷ್ಟು ಹಿಡಿಯುವುದು ಇದರಿಂದಲೇ. ಮಳೆಗಾಲದ ಬಳಕೆಗೆ 'ಡ್ರೈ' ವಿಧಾನವಿರುವ ಇನ್ವರ್ಟರ್ ಮಾದರಿಯೇ ಲೇಸು. ಹೆಂಚಿನ ಮನೆಯಾದರೆ ಮೊದಲು ಒಳಚಾವಣಿ ಹಾಕಿಸಿ, ಸಂದುಗಳನ್ನು ಮುಚ್ಚಿಸಬೇಕು. ಇಲ್ಲವಾದರೆ ಯಾವ ಯಂತ್ರವೂ ಸಾಲದು.

ಬಿಲ್ಲಿನ ಲೆಕ್ಕ

ತಮಿಳುನಾಡಿನಲ್ಲಿ ಗೃಹಬಳಕೆಯ ವಿದ್ಯುತ್ ಬಿಲ್ಲು ಎರಡು ತಿಂಗಳಿಗೊಮ್ಮೆ ಬರುತ್ತದೆ. ಮೊದಲ 100 ಯೂನಿಟ್ ಉಚಿತ. ಆದರೆ ಬಳಕೆ 500 ಯೂನಿಟ್ ಮೀರಿದರೆ ಮೇಲಿನ ಯೂನಿಟ್‌ಗಳಿಗೆ ದುಬಾರಿ ದರ ಬೀಳುವುದಲ್ಲದೆ, ಕೆಳಹಂತದ ಕೆಲವು ಯೂನಿಟ್‌ಗಳ ರಿಯಾಯಿತಿಯೂ ತಪ್ಪುತ್ತದೆ.

ಒಂದು ಟನ್ನಿನ ಇನ್ವರ್ಟರ್ ಎ.ಸಿ. ಗಂಟೆಗೆ ಸರಾಸರಿ ಅರ್ಧ ಯೂನಿಟ್ ಬಳಸುತ್ತದೆಂದು ಹಿಡಿಯೋಣ. ರಾತ್ರಿ 8 ಗಂಟೆಯಂತೆ 60 ದಿನಕ್ಕೆ ಒಂದು ಕೋಣೆಗೆ 240 ಯೂನಿಟ್, ಎರಡು ಕೋಣೆಗೆ 480. ಫ್ರಿಜ್, ಮೋಟಾರು, ದೀಪಗಳು ಸೇರಿದರೆ 500ರ ಗೆರೆ ದಾಟುವುದು ಖಚಿತ. ಎಷ್ಟು ಕೋಣೆಗಳಲ್ಲಿ ಅಳವಡಿಸಬೇಕು ಎಂಬುದಕ್ಕಿಂತ, ಎಷ್ಟು ಕೋಣೆಗಳು ಒಮ್ಮೆಗೇ ನಡೆಯುತ್ತವೆ ಎಂಬುದನ್ನು ಮನೆಮಂದಿ ಮೊದಲು ಕುಳಿತು ನಿರ್ಧರಿಸಬೇಕೆಂದು ನಾವು ಹೇಳುವುದು ಇದಕ್ಕಾಗಿಯೇ.

ನಕ್ಷತ್ರ ಗುರುತಿನ ಎ.ಸಿ.ಗಳಲ್ಲಿ 2020ರ ಜನವರಿ 1ರಿಂದ 24 ಡಿಗ್ರಿಯೇ ಆರಂಭಿಕ ಉಷ್ಣತೆ. ಗೂಡಲೂರಿನ ರಾತ್ರಿಗೆ 26 ಡಿಗ್ರಿ, ಜೊತೆಗೆ ಫ್ಯಾನು ಬಹುಮಟ್ಟಿಗೆ ಸಾಕು.

ಕೊಳ್ಳುವ ಮುನ್ನ

• ಮನೆಗೆ ಮಂಜೂರಾದ ವಿದ್ಯುತ್ ಹೊರೆ ಸಾಲುತ್ತದೆಯೇ ಎಂದು ವಿದ್ಯುತ್ ಕಚೇರಿಯಲ್ಲಿ ವಿಚಾರಿಸಿ.
• ತಾಮ್ರದ ಕೊಳವೆಯ ಉದ್ದ, ಹೆಚ್ಚುವರಿ ಅನಿಲ, ಅಳವಡಿಕೆಯ ಕೂಲಿ ಇವೆಲ್ಲವನ್ನೂ ಬರಹದಲ್ಲಿ ಪಡೆಯಿರಿ.
• ನೀರು ಹೊರಹೋಗುವ ಕೊಳವೆಗೆ ಸಾಕಷ್ಟು ಇಳಿಜಾರು ಇರಲಿ.
• ದುರಸ್ತಿಯವರು ಗೂಡಲೂರಿನಲ್ಲೇ ಇದ್ದಾರೆಯೇ, ಘಟ್ಟ ದಾಟಿ ಬರಬೇಕೇ ಎಂಬುದನ್ನು ಕೇಳಿ ತಿಳಿಯಿರಿ.
• ಕರಾರುಪತ್ರ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇದ್ದರೆ, ಬಲ್ಲವರಿಂದ ಓದಿಸಿ ಅರ್ಥ ತಿಳಿದ ಬಳಿಕವೇ ಸಹಿ ಹಾಕಿ.

ಒಂದೆರಡು ಕೋಣೆ ಮಾತ್ರ ಬಳಸುವ ಸಾಮಾನ್ಯ ಕುಟುಂಬಕ್ಕೆ ಪ್ರತ್ಯೇಕ ಇನ್ವರ್ಟರ್ ಸ್ಪ್ಲಿಟ್‌ಗಳೇ ಸೂಕ್ತವೆಂದು ನಮ್ಮ ಅಭಿಪ್ರಾಯ. ಈ ವರ್ಷ ಒಂದು ಕೋಣೆಗೆ ಹಾಕಿಸಿ, ಒಂದು ಬೇಸಗೆ ಹಾಗೂ ಒಂದು ಮಳೆಗಾಲದ ಬಿಲ್ಲು ನೋಡಿ, ಮುಂದಿನ ಕೋಣೆಯ ವಿಚಾರ ಮಾಡಬಹುದು. ಮೂರು, ನಾಲ್ಕು ಕೋಣೆಗಳು ನಿತ್ಯ ಒಟ್ಟಿಗೆ ನಡೆಯುವ, ಹೊರಗೆ ಜಾಗವಿಲ್ಲದ ಮನೆಗೆ ಮಾತ್ರ ಮಲ್ಟಿ ಸ್ಪ್ಲಿಟ್ ಒಪ್ಪುತ್ತದೆ.